ಸಂಘರ್ಷದ ನಂತರದ ಸಾಮರಸ್ಯವನ್ನು ಓದಲು ಯಾವ ದೇಶ ಸೂಕ್ತ?

ಪ್ರಶ್ನೆ (ಧಾರವಾಡ):
ಇಲ್ಲಿಯ ಬಾಸೆಲ್ ಮಿಶನ್ ಶಾಲೆಯಲ್ಲಿ ಓದಿದ ನನ್ನ ಮಗಳು, ಕ್ರೈಸ್ತ ನಂಬಿಕೆಯು ನ್ಯಾಯದ ಬಗೆಗೆ ಏನು ಹೇಳುತ್ತದೆ ಎಂಬುದನ್ನು ಹಿಂಸೆಯನ್ನು ಕಂಡ ನಾಡಿನಲ್ಲಿಯೇ ಇದ್ದು ಕಲಿಯಬೇಕೆಂದು ಬಯಸಿದ್ದಾಳೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಹುಬ್ಬಳ್ಳಿ):
ನನ್ನ ಆಯ್ಕೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್. ಸುಮಾರು 30 ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಸಂಘರ್ಷಕ್ಕೆ 1998ರ ಗುಡ್ ಫ್ರೈಡೇ ಒಪ್ಪಂದವು ಬಹುಮಟ್ಟಿಗೆ ತೆರೆ ಎಳೆಯಿತಾದರೂ, ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಬಡಾವಣೆಗಳ ನಡುವಿನ ‘ಶಾಂತಿ ಗೋಡೆ’ಗಳು ಇನ್ನೂ ನಿಂತಿವೆ; ಒಬ್ಬನೇ ಕ್ರಿಸ್ತನನ್ನು ಆರಾಧಿಸುವವರು ಹೀಗೆ ಬೇರ್ಪಟ್ಟದ್ದೇಕೆ ಎಂಬ ಪ್ರಶ್ನೆ (ಮನೆ, ಉದ್ಯೋಗ, ರಾಷ್ಟ್ರೀಯತೆ ಎಲ್ಲವೂ ಅದರಲ್ಲಿ ಬೆರೆತಿವೆ) ಅಲ್ಲಿ ಯಾವ ವಿದ್ಯಾರ್ಥಿಯನ್ನೂ ಬಿಡುವುದಿಲ್ಲ. ಪಾದ್ರಿ ರೇ ಡೇವಿಯವರು 1965ರಲ್ಲಿ ಬ್ಯಾಲಿಕ್ಯಾಸಲ್ ಬಳಿ ಆರಂಭಿಸಿದ, ಸಾಮರಸ್ಯಕ್ಕಾಗಿ ದುಡಿಯುವ ಕೊರಿಮೀಲಾ ಎಂಬ ಕ್ರೈಸ್ತ ಸಮುದಾಯವನ್ನು ಆಕೆ ನೋಡಲೇಬೇಕು.

ಉತ್ತರ (ಗದಗ):
ದಕ್ಷಿಣ ಆಫ್ರಿಕಾವನ್ನೂ ಪರಿಗಣಿಸಿರಿ. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗವು 1996ರಿಂದ ವರ್ಣಭೇದ ನೀತಿಯ ಕಾಲದ ಹಿಂಸೆಯ ಸಂತ್ರಸ್ತರ ನೋವನ್ನು ಬಹಿರಂಗವಾಗಿ ಆಲಿಸಿತು. ರಾಜಕೀಯ ಉದ್ದೇಶದ ಅಪರಾಧವನ್ನು ಪೂರ್ಣವಾಗಿ ಬಯಲು ಮಾಡಿದವರು ಕ್ಷಮಾದಾನ ಪಡೆಯಬಹುದಾಗಿತ್ತು. ಆದರೆ ನೊಂದವರಿಗೆ ಪರಿಹಾರ ತಡವಾಗಿ, ಆಯೋಗದ ಶಿಫಾರಸಿಗಿಂತ ಕಡಿಮೆಯಾಗಿ ದೊರೆಯಿತು. ಪರಿಹಾರವಿಲ್ಲದ ಕ್ಷಮೆ ನ್ಯಾಯವಾಗುತ್ತದೆಯೇ ಎಂಬುದನ್ನು ನಿಮ್ಮ ಮಗಳು ಅಲ್ಲಿ ಕೇಳಲಿ.

ಪ್ರಶ್ನಿಸಿದವರು:
ಇಬ್ಬರಿಗೂ ಕೃತಜ್ಞತೆಗಳು. ಈ ಕೊನೆಯ ಪ್ರಶ್ನೆಯನ್ನು ಇಂದೇ ಅವಳ ಮುಂದೆ ಇಡುತ್ತೇನೆ.