ಅಗಲಿದ ಮಗಳ ತದ್ರೂಪಿ: ಕಥೆಯ ತಂದೆ ಮಾಡಿದ್ದು ತಪ್ಪೇ?

ಕಥೆಗಾರ್ತಿ, ಕಲಬುರಗಿ

ಎಲ್ಲರಿಗೂ ಶರಣು. ನಾನು ಬರೆಯುತ್ತಿರುವ ವೈಜ್ಞಾನಿಕ ಕಥೆಯಲ್ಲಿ ಬೀದರಿನ ಬಿದ್ರಿ ಕುಶಲಕರ್ಮಿಯೊಬ್ಬ ಜ್ವರಕ್ಕೆ ಬಲಿಯಾದ ಮಗಳ ಬಾಚಣಿಗೆಯಲ್ಲಿ ಉಳಿದ ಕೂದಲಿನಿಂದ ಅವಳ ತದ್ರೂಪಿಯನ್ನು (ಕ್ಲೋನ್) ಪಡೆಯುತ್ತಾನೆ. ಅವನನ್ನು ತಪ್ಪಿತಸ್ಥನೆನ್ನಲು ನನಗೆ ಮನಸ್ಸು ಬರುತ್ತಿಲ್ಲ. ತೀರಿಕೊಂಡ ಅಜ್ಜಿಯ ಹೆಸರನ್ನೇ ಮೊಮ್ಮಗಳಿಗಿಟ್ಟು, ‘ನಮ್ಮವ್ವ ತಿರುಗಿ ಬಂದಾಳ’ ಎಂದು ಕೂಸನ್ನು ಎದೆಗಪ್ಪಿಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅದೇ ಆಸೆಯನ್ನು ಪ್ರಯೋಗಾಲಯವು ಈಡೇರಿಸಿಕೊಟ್ಟರೆ ಅದು ಅನೈತಿಕವಾಗುವುದು ಹೇಗೆ?

ಜೀವಶಾಸ್ತ್ರದ ಮಾಸ್ತರ, ಯಾದಗಿರಿ

ಅಕ್ಕಾರೇ, ಮೊದಲು ಬಾಚಣಿಗೆಯ ಮಾತು. ಉದುರಿದ ಕೂದಲೆಳೆಯಲ್ಲಿ ಜೀವಂತ ಕೋಶವಿರುವುದಿಲ್ಲ. ಆದ್ದರಿಂದ ಮಗಳು ಬದುಕಿದ್ದಾಗಲೇ ಚರ್ಮದ ಚೂರೊಂದನ್ನು ತೆಗೆದು, ಅದರ ಕೋಶಗಳನ್ನು ಬೆಳೆಸಿ, ದ್ರವ ಸಾರಜನಕದಲ್ಲಿ ಇಟ್ಟಿದ್ದರೆಂದು ಬರೆದರೆ ಕಥೆ ನಂಬಿಕೆಗೆ ಅರ್ಹವಾಗುತ್ತದೆ. ವಂಶವಾಹಿಗಳಿರುವ ಆ ಕೋಶದ ಕೇಂದ್ರವನ್ನು, ಬೇರೊಬ್ಬ ಹೆಣ್ಣಿನಿಂದ ಪಡೆದು ಕೇಂದ್ರ ತೆಗೆದಿಟ್ಟ ಅಂಡಾಣುವಿಗೆ ಸೇರಿಸಿ, ಭ್ರೂಣವನ್ನು ಗರ್ಭದಲ್ಲಿ ಬೆಳೆಸಬೇಕು. 1996ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಡಾಲಿ ಎಂಬ ಕುರಿ ಹುಟ್ಟಿದ್ದು ಹೀಗೆಯೇ: ಹೀಗೆ ಕೂಡಿಸಿದ 277 ಅಂಡಾಣುಗಳಲ್ಲಿ 29 ಭ್ರೂಣಗಳಾದವು, ಉಳಿದು ಹುಟ್ಟಿದ್ದು ಒಂದೇ ಮರಿ. 2018ರಲ್ಲಿ ಚೀನಾದ ವಿಜ್ಞಾನಿಗಳು ಪ್ರಕಟಿಸಿದ ಎರಡು ತದ್ರೂಪಿ ಮಂಗಗಳು ಭ್ರೂಣದ ಕೋಶಗಳಿಂದ ಬಂದವು. ಅದೇ ಪ್ರಯೋಗದಲ್ಲಿ ಬೆಳೆದ ಮಂಗದ ಕೋಶಗಳಿಂದ ಹುಟ್ಟಿದ ಮರಿಗಳು ಬದುಕಲಿಲ್ಲ. ನಮ್ಮ ದೇಶದ ಕರ್ನಾಲ್‌ನಲ್ಲಿ 2009ರಲ್ಲಿ ಹುಟ್ಟಿದ ಮೊದಲ ತದ್ರೂಪಿ ಎಮ್ಮೆಕರುವೂ ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಮನುಷ್ಯರಲ್ಲಿ ಇಂಥ ಪ್ರಯತ್ನ ಎಂದರೆ ಸಾಯಲೆಂದೇ ಹುಟ್ಟುವ ಕೂಸುಗಳನ್ನು ಮೊದಲೇ ಒಪ್ಪಿಕೊಂಡಂತೆ, ಅದನ್ನು ನಾನು ಒಪ್ಪಲಾರೆ. ಭಾರತದ ಮಾರ್ಗಸೂಚಿಗಳೂ ಇದನ್ನು ನಿಷೇಧಿಸಿವೆ.

ಕೋಟೆ ಓಣಿಯ ಓದುಗ, ಬೀದರ್

ಮಾಸ್ತರರು ಹೇಳಿದ ಅಪಾಯಗಳು ನಾಳೆ ನೀಗಿದರೂ ನನ್ನ ತಕರಾರು ಉಳಿಯುತ್ತದೆ. ನಿಮ್ಮ ನಾಯಕನಿಗೇ ಇದು ಚೆನ್ನಾಗಿ ತಿಳಿದಿರಬೇಕು: ಸತು, ತಾಮ್ರ ಕರಗಿಸಿ ಒಂದೇ ಅಚ್ಚಿನ ಅಳತೆಯಲ್ಲಿ ಎರಕ ಹೊಯ್ದ ಎರಡು ಹೂಜಿಗಳಲ್ಲಿ ಉಳಿಯಿಂದ ಬಳ್ಳಿಯನ್ನು ಕೊರೆದು, ಬೆಳ್ಳಿತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಮೇಲೆ, ಯಾವುದು ಯಾರ ಕೈಯದೆಂದು ಅವನು ಕಣ್ಣಿಟ್ಟೊಡನೆ ಹೇಳಬಲ್ಲ. ತದ್ರೂಪಿಗಳ ಮಾತೂ ಅಷ್ಟೇ: ಟೆಕ್ಸಾಸಿನಲ್ಲಿ 2001ರಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕಿಗಂತೂ ಮೂಲ ಬೆಕ್ಕಿನ ಬಣ್ಣವೇ ಬರಲಿಲ್ಲ.

ಹೆಸರಿಡುವ ಪದ್ಧತಿಯನ್ನು ಇದಕ್ಕೆ ಹೋಲಿಸುವುದು ನನಗೆ ಸರಿ ಕಾಣುವುದಿಲ್ಲ. ಅಜ್ಜಿಯ ಹೆಸರು ಹೊತ್ತ ಹುಡುಗಿ ಶಾಲೆಗೆ ಹೋಗಬಹುದು, ಅಜ್ಜಿಗೆ ಪ್ರಿಯವಾಗಿದ್ದ ಹೋಳಿಗೆಯನ್ನು ದೂರ ಸರಿಸಬಹುದು, ಮನೆಮಂದಿ ನಕ್ಕು ಸುಮ್ಮನಾಗುತ್ತಾರೆ. ತದ್ರೂಪಿಯಾಗಿ ಹುಟ್ಟಿದವಳು ‘ನಿನ್ನಕ್ಕ ಹೀಗೆ ಮಾಡುತ್ತಿರಲಿಲ್ಲ’ ಎಂಬ ಮಾತನ್ನು ಪ್ರತಿದಿನ ಕೇಳಬೇಕಾಗುತ್ತದೆ. ಅವಳು ಬೇರೆಯಾದಷ್ಟೂ ತಂದೆಗೆ ಮತ್ತೊಮ್ಮೆ ಸಾವು. ಒಬ್ಬನ ದುಃಖಕ್ಕೆ ಮದ್ದಾಗಲೆಂದು ಇನ್ನೊಬ್ಬಳನ್ನು ಹುಟ್ಟಿಸುವುದೇ ಅನ್ಯಾಯ ಎಂಬುದು ನನ್ನ ನಿಲುವು. ಕಥೆಯನ್ನು ತಂದೆಯ ಬದಲು ಆ ಎರಡನೆಯ ಮಗಳ ಬಾಯಲ್ಲಿ ಹೇಳಿಸಿ ನೋಡಿ.

ಕಥೆಗಾರ್ತಿ, ಕಲಬುರಗಿ

ಹೋಳಿಗೆಯ ಮಾತು ನನ್ನನ್ನು ತಟ್ಟಿತು. ಕೂದಲನ್ನು ಬಿಡುತ್ತೇನೆ, ಆಸ್ಪತ್ರೆಯಲ್ಲಿ ತೆಗೆದಿಟ್ಟ ಚರ್ಮದ ಚೂರೇ ಇರಲಿ. ಆದರೆ ತಂದೆಯ ಮೇಲಿನ ಕರುಣೆಯನ್ನು ಮಾತ್ರ ಕಥೆಯಿಂದ ತೆಗೆಯಲಾರೆ.

ಭಾಲ್ಕಿಯ ಓದುಗಿತ್ತಿ

ಕರುಣೆ ಇರಲಿ, ತಂಗಿ. ಆದರೆ ಇಲ್ಲಿ ಯಾರೂ ಕೇಳದ ಒಂದು ಮಾತು ಉಳಿದಿದೆ. ಮಾಸ್ತರರು ಹೇಳಿದ ಅಷ್ಟೊಂದು ಅಂಡಾಣುಗಳು ಹೆಂಗಸರ ಮೈಯಿಂದಲೇ ಬರಬೇಕಲ್ಲವೇ? ಸೂಜಿಯ ಮೇಲೆ ಸೂಜಿ ಚುಚ್ಚಿಸಿಕೊಳ್ಳುವವರೂ, ಗರ್ಭ ನಿಲ್ಲದೆ ಮತ್ತೆ ಮತ್ತೆ ಕಳೆದುಕೊಳ್ಳುವವರೂ ಯಾರು? ನಿಮ್ಮ ಕಥೆಯಲ್ಲಿ ತಾಯಿಯ ಪ್ರಸ್ತಾಪವೇ ಇಲ್ಲ. ಮಗಳನ್ನು ಮೊದಲು ಹೆತ್ತವಳು ಅವಳು. ಎರಡನೆಯ ಬಾರಿ ಹೊರಲು ಅವಳು ಒಪ್ಪಿದಳೋ ಇಲ್ಲವೋ, ಅದನ್ನು ಮೊದಲು ಬರೆಯಿರಿ.