ಪದಚರ್ಚೆ: ಪೆಟ್ಟಾಗದೆ ಮಕ್ಕಳ ಮೈಯಲ್ಲಿ ಏಳುವ ನೀಲಿ ಕಲೆಗೆ ಎಂತ ಹೇಳುವುದು? (ನಾಳೆ ಬೇಕು)

ಎಲ್ಲರಿಗೂ ನಮಸ್ಕಾರ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಬರೀತಾ ಇದ್ದೇನೆ. ಇಲ್ಲಿಯ ಅಂಗನವಾಡಿಗಳಿಗೆ ಒಂದು ಬೋರ್ಡು ಆಗ್ತಾ ಉಂಟು, ಮಲಯಾಳದ್ದು ರೆಡಿ, ಕನ್ನಡದ್ದು ನಾನು ಮಾಡಿ ನಾಳೆ ಬೆಳಿಗ್ಗೆ ಪ್ರಿಂಟಿಂಗಿಗೆ ಕೊಡ್ಬೇಕು. ವಿಷಯ ಇಷ್ಟೇ, ದೊಡ್ಡ ಪೆಟ್ಟೇನೂ ಬೀಳದೆ ಮಗುವಿನ ಮೈಮೇಲೆ ಪದೇಪದೇ ನೀಲಿ ಕಲೆ ಏಳ್ತಾ ಇದ್ರೆ ಅದಕ್ಕೆ ಕಾರಣ ಎಂತ ಅಂತ ಹುಡುಕ್ಬೇಕು, ಡಾಕ್ಟ್ರಿಗೆ ತೋರಿಸ್ಬೇಕು. ಇಂಗ್ಲಿಷಲ್ಲಿ ಈಸಿ ಬ್ರೂಸಿಂಗ್, ಮಲಯಾಳದಲ್ಲಿ ಚತವ್ ಅಂತ ಹಾಕಿದ್ದಾರೆ. ನನ್ನ ಕೈಗೆ ಬಂದ ಹಳೇ ಕನ್ನಡ ಡ್ರಾಫ್ಟಲ್ಲಿ "ಸುಲಭ ಮೂಗೇಟು" ಅಂತ ಉಂಟು. ಅದನ್ನು ಒಬ್ಬರು ಟೀಚರಿಗೆ ಓದ್ಲಿಕ್ಕೆ ಕೊಟ್ಟೆ, ಮೂಗಿಗೆ ಏಟು ಬಿದ್ರೆ ಏನು ಮಾಡ್ಬೇಕು ಅಂತ ಬರ್ದಿದ್ದೀರಾ ಕೇಳಿದ್ರು. ಎರಡು ಮೂರು ಶಬ್ದದೊಳಗೆ, ಅಮ್ಮಂದಿರಿಗೆ ಓದಿದ ಕೂಡ್ಲೇ ಗೊತ್ತಾಗುವ ಹಾಗೆ, ಯಾರಾದ್ರೂ ಹೇಳಿ.

ಉತ್ತರ, ಮೈಸೂರಿನಿಂದ

ಮೂಗೇಟು ಸರಿಯಾದ ಪದ, ಬಿಡಬೇಡಿ. ಅದು ಮೂಗು + ಏಟು ಅಲ್ಲ, ಮೂಗ + ಏಟು. ಮಾತಾಡದವನು ಮೂಗ, ಚರ್ಮ ಒಡೆದು ಹೊರಗೆ ಬಾಯಿ ಬಿಡದೆ ಒಳಗೇ ಉಳಿಯೋ ಏಟು ಮೂಗೇಟು. ಇಷ್ಟು ಚೆಂದದ ಪದ ಕನ್ನಡದಲ್ಲಿರುವಾಗ ಯಾರೋ ಒಬ್ಬರಿಗೆ ಗೊತ್ತಿಲ್ಲ ಅಂತ ಅದನ್ನ ಕಸದ ಬುಟ್ಟಿಗೆ ಹಾಕ್ತೀರಾ? ಗೊತ್ತಿಲ್ಲದವರಿಗೆ ಕಲಿಸಬೇಕು, ಪದವನ್ನ ಸಾಯಿಸಬಾರದು. "ಸುಲಭ" ಮಾತ್ರ ಅಸಂಬದ್ಧ, ತೆಗೀರಿ.

ಉತ್ತರ, ಧಾರವಾಡದಿಂದ

ಬಾಸುಂಡೆ ಅಂತ ಬರೀರಿ. ಹಳ್ಳ್ಯಾಗ ಎಲ್ಲಾರಿಗೂ ಗೊತ್ತದ. ಇಷ್ಟಕ್ಕ ಚರ್ಚಾ ಯಾಕ ಬೇಕು?

ಉತ್ತರ, ಕಾಸರಗೋಡಿನಿಂದ

ನಾನು ಮಕ್ಕಳ ವಾರ್ಡಲ್ಲಿ ನರ್ಸ್. ಮೇಲಿನ ಎರಡೂ ಶಬ್ದ ಬೇಡವೇ ಬೇಡ, ಯಾಕೆ ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ.

ಬಾಸುಂಡೆ ಅಂದ್ರೆ ಬೆತ್ತದಿಂದ ಹೊಡೆದಾಗ ಏಳುವ ಬರೆ. ಅದನ್ನು ಬೋರ್ಡಿನ ಮೊದಲ ಸಾಲಲ್ಲೇ ಹಾಕಿದ್ರೆ ಓದಿದ ತಾಯಿಗೆ "ನೀನು ಮಗುವಿಗೆ ಹೊಡೀತಿಯಾ" ಅಂತ ಕೇಳಿದ ಹಾಗೆ ಆಗ್ತದೆ, ಅವಳು ಮಗುವನ್ನು ತೋರಿಸ್ಲಿಕ್ಕೇ ಕರ್ಕೊಂಡು ಬರುದಿಲ್ಲ. ಹೊಡೆದದ್ದೂ ಒಂದು ಕಾರಣ ಇರ್ಬಹುದು, ಅದನ್ನು ನಾವು ಮರೆಯುದಿಲ್ಲ, ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕೇ. ಆದ್ರೆ ಪರೀಕ್ಷೆಗೆ ಮೊದಲು ಬೋರ್ಡೇ ತೀರ್ಪು ಕೊಡಬಾರದು.

ಮೂಗೇಟಿನದ್ದು ಇನ್ನೊಂದು ತೊಂದ್ರೆ. ಮೂಗನೋ ಮೂಗೋ ಅದು ನಿಮ್ಮ ಜಗಳ, ನನಗೆ ಕಷ್ಟ ಆಗುವುದು ಆ "ಏಟು". ನಾವು ಮಗುವನ್ನು ಕರೆಸುವುದೇ ಏಟು ಬೀಳದೆ ಕಲೆ ಎದ್ದಿದೆ ಅಂತ. ಮೂಗೇಟು ಆಗಿದೆಯಾ ಅಂತ ಕೇಳಿದ್ರೆ ಅಪ್ಪ ಅಮ್ಮ "ಇಲ್ಲ ಸಿಸ್ಟರ್, ಎಲ್ಲಿಯೂ ಬಿದ್ದಿಲ್ಲ" ಅಂತ ಖುಷಿಯಲ್ಲಿ ಎದ್ದು ಹೋಗ್ತಾರೆ.

ನಡೀಲಿಕ್ಕೆ ಕಲಿತ ಮಗುವಿನ ಮೊಣಕಾಲು, ಅದರ ಕೆಳಗಿನ ಎಲುಬು, ಹಣೆ, ಇಲ್ಲೆಲ್ಲ ಕಲೆ ಇದ್ದೇ ಇರ್ತದೆ, ಅದು ಓಡಿ ಬಿದ್ದದ್ದು. ಬೆನ್ನು, ಹೊಟ್ಟೆ, ಕಿವಿ, ಕುತ್ತಿಗೆ, ಕುಂಡೆ ಇಲ್ಲಿದ್ರೆ ನೋಡ್ಬೇಕು. ಇನ್ನೂ ಅಂಬೆಗಾಲಿಡದ ಮಗುವಿಗೆ ಎಲ್ಲೇ ಇದ್ರೂ ನೋಡ್ಬೇಕು. ಜೊತೆಗೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕಿ ಇದ್ರೆ ಗಾಜಿನ ಲೋಟ ಅದರ ಮೇಲೆ ಒತ್ತಿ ಗಾಜಿನ ಆಚೆಯಿಂದ ನೋಡಿ, ಸೊಳ್ಳೆ ಕಚ್ಚಿದ ಕೆಂಪಾದ್ರೆ ಒತ್ತಿದಾಗ ಬಿಳಿಚಿ ಹೋಗ್ತದೆ, ಚರ್ಮದ ಒಳಗೆ ನೆತ್ತರು ಸೋರಿದ್ದಾದ್ರೆ ಎಷ್ಟು ಒತ್ತಿದ್ರೂ ಅಲ್ಲೇ ಇರ್ತದೆ. ನಮ್ಮ ಕಡೆ ಇದಕ್ಕೆಲ್ಲ "ನಂಜು" ಅಂತ ಹೇಳಿ ಮದ್ದು ಅರೆದು ಕೊಟ್ಟು ವಾರ ಕಾಯ್ತಾರೆ, ಅದೇ ನನಗೆ ಹೆದ್ರಿಕೆ.

ಕಾರಣ ಒಂದೇ ಅಲ್ಲ. ಶೀತ ಜ್ವರ ಬಂದು ಹೋಗಿ ಎರಡು ಮೂರು ವಾರ ಕಳೆದು, ಚೆನ್ನಾಗಿ ಆಡ್ತಾ ಇದ್ದ ಮಗುವಿಗೆ ಒಮ್ಮೆಲೇ ಕಾಲು ತುಂಬ ಚುಕ್ಕಿ, ಕಲೆ ಎದ್ರೆ ಹೆಚ್ಚಾಗಿ ಐಟಿಪಿ, ಅಂದ್ರೆ ನೆತ್ತರು ಸೋರುವುದನ್ನು ನಿಲ್ಲಿಸುವ ಸಣ್ಣ ಕಣ ಪ್ಲೇಟ್ಲೆಟ್, ಅದನ್ನು ದೇಹವೇ ಹಾಳು ಮಾಡುವುದು. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರ್ಬೇಕಾದ ಕೌಂಟು 20 ಸಾವಿರದ ಕೆಳಗೂ ಇಳೀಬಹುದು, ಆದ್ರೂ ಹೆಚ್ಚಿನ ಮಕ್ಕಳಿಗೆ ಆರು ತಿಂಗಳೊಳಗೆ ತನ್ನಷ್ಟಕ್ಕೇ ಸರಿ ಆಗ್ತದೆ. ಮಳೆಗಾಲದಲ್ಲಿ ಡೆಂಗಿ ಬೇರೆ ಉಂಟು. ಗಂಡು ಮಗು ಅಂಬೆಗಾಲಿಡ್ಲಿಕ್ಕೆ ಶುರು ಮಾಡಿದಾಗ ಕೈಕಾಲಿನ ಗಂಟು ಬಾತು, ಒಳಗೆ ಗಡ್ಡೆ ಇದ್ದ ಹಾಗೆ ಕಲೆ ಆದ್ರೆ ಹಿಮೋಫಿಲಿಯಾ, ಅಂದ್ರೆ ನೆತ್ತರು ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ನೆನಪಾಗ್ಬೇಕು, ಅಲ್ಲಿ ಪ್ಲೇಟ್ಲೆಟ್ ಸರಿಯಾಗೇ ಇರ್ತದೆ, ನೆತ್ತರು ಹೆಪ್ಪುಗಟ್ಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ನೋಡುವ ಎಪಿಟಿಟಿ ಅಂತ ಟೆಸ್ಟ್ ಉಂಟು, ಅದರ ಸಮಯ ಮಾತ್ರ ಉದ್ದ ಬರ್ತದೆ, ಕಡಿಮೆ ಇರುವುದು ಹೆಪ್ಪುಗಟ್ಟಿಸುವ ಪ್ರೋಟೀನು, ಫ್ಯಾಕ್ಟರ್ 8 ಅಥವಾ 9. ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ ಅಂತ ಹೇಳಿ ಬಿಡ್ಲಿಕ್ಕಾಗುದಿಲ್ಲ, ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಮಕ್ಕಳ ಮನೇಲಿ ಮೊದಲು ಯಾರಿಗೂ ಇರುದಿಲ್ಲ. ಹುಟ್ಟಿನಿಂದ ಬರುವುದರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ, ಇದರಲ್ಲಿ ಮೊದಲ ಟೆಸ್ಟೆಲ್ಲ ನಾರ್ಮಲ್ ಬಂದು ಮನೆಗೆ ಕಳಿಸಿ ಬಿಡುವ ಅಪಾಯ ಉಂಟು, ಅದಕ್ಕೇ ಬೇರೆ ಟೆಸ್ಟ್ ಕೇಳಿ ಮಾಡಿಸ್ಬೇಕು. ಮಗು ಬಿಳಿಚಿಕೊಂಡು, ಬಿಡದ ಜ್ವರ, ಎಲುಬು ನೋವು, ಕುತ್ತಿಗೆಯಲ್ಲಿ ಗಂಟು ಅಂತ ಇದ್ರೆ ಒಂದು ದಿನವೂ ಕಾಯುವ ಹಾಗಿಲ್ಲ, ಸ್ಮಿಯರ್, ಅಂದ್ರೆ ಗಾಜಿನ ಮೇಲೆ ಸವರಿದ ನೆತ್ತರನ್ನು ಮೈಕ್ರೋಸ್ಕೋಪಲ್ಲಿ ನೋಡಿ ಲ್ಯುಕೇಮಿಯಾ (ನೆತ್ತರಿನ ಕ್ಯಾನ್ಸರ್) ಅಲ್ಲ ಅಂತ ಖಾತ್ರಿ ಮಾಡ್ಬೇಕು.

ಅದಕ್ಕೆ ನನಗೆ ಬೇಕಾದ್ದು ಕಲೆಯ ಹೆಸರು, ಪೆಟ್ಟಿನ ಹೆಸರಲ್ಲ. "ನೀಲಿ ಕಲೆ" ಸಾಕು.

ಉತ್ತರ, ಬೆಂಗಳೂರಿನಿಂದ

"ನೀಲಿ" ಸಕ್ಕದದ್ದು, ಅಂದರೆ ಸಂಸ್ಕೃತದ್ದು. ಕನ್ನಡದ್ದೇ ಬೇಕಾದರೆ "ನೆತ್ತರುಕಲೆ" ಇದೆ. ನೆತ್ತರು ನಮ್ಮದು, ತುಳುವಿನಲ್ಲಿ ನೆತ್ತೆರ್, ತೆಲುಗಿನಲ್ಲಿ ನೆತ್ತುರು, ಒಂದೇ ಬೇರು. ರಕ್ತ ಅಂದರೆ ಸಕ್ಕದದಲ್ಲಿ ಬಣ್ಣ ಹತ್ತಿದ್ದು, ಕೆಂಪಾದದ್ದು ಅಂತ ಮಾತ್ರ ಅರ್ತ, ಅದನ್ನು ತಂದು ನಮ್ಮ ಒಳ್ಳೆಯ ಪದವನ್ನು ಮೂಲೆಗೆ ತಳ್ಳಿದ್ದೇವೆ. ಹಾಗೇ ಪ್ಲೇಟ್ಲೆಟ್‌ಗೆ ಕಿರುಬಿಲ್ಲೆ ಅನ್ನಿ. ಕಾಸರಗೋಡಿನವರೇ ಇಂಗ್ಲಿಶ್ ಪದ ತುಂಬಿ ಬರೆದರೆ ಅಲ್ಲಿ ಕನ್ನಡ ಉಳಿಯೋದು ಹೇಗೆ?

ಉತ್ತರ, ಮೈಸೂರಿನಿಂದ

ಕಾರಣ, ಪರೀಕ್ಷೆ, ಇವೂ ಸಂಸ್ಕೃತದ್ದೇ, ಇಂಥವು ಎಷ್ಟು ತೆಗೀತೀರಿ ನೋಡೋಣ. ನೆತ್ತರುಕಲೆ ಅಂದ್ರೆ ಬಟ್ಟೆ ಮೇಲೆ ರಕ್ತ ಬಿದ್ದ ಕಲೆ ಅಂತಾನೇ ಎಲ್ಲರೂ ಓದೋದು. ನಿಮ್ಮದು ಪದಕಟ್ಟೋ ಹುಚ್ಚು, ಕನ್ನಡ ಅಲ್ಲ.

ಉತ್ತರ, ಮಂಜೇಶ್ವರದಿಂದ

ಬೆಂಗಳೂರಲ್ಲಿ ಕೂತು ಕಾಸರಗೋಡಿನ ಕನ್ನಡ ಉಳಿಸುವವರಿಗೆ ಒಂದು ಮಾತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮಗೆ ಬರುವ ಸರ್ಕಾರಿ ಕಾಗದ ಮಲಯಾಳದ್ದು, ಅದರ ಕನ್ನಡ ಮಾಡುವಾಗ ಮಲಯಾಳದ ಸಂಸ್ಕೃತ ಶಬ್ದವನ್ನು ಹಾಗೇ ಎತ್ತಿ ಕನ್ನಡ ಲಿಪಿಯಲ್ಲಿ ಇಡ್ತಾರೆ. ಅರ್ಜಿ ಹೋಗಿ ಅಪೇಕ್ಷೆ ಆಗಿದೆ, ಹಕ್ಕು ಹೋಗಿ ಅವಕಾಶ ಆಗಿದೆ. ಅವರಿಗೆ ಅವಕಾಶ ಅಂದ್ರೆ ಹಕ್ಕು, ನಮಗೆ ಚಾನ್ಸು. ಹಕ್ಕಿಗೂ ಚಾನ್ಸಿಗೂ ವ್ಯತ್ಯಾಸ ಇಲ್ಲವಾ ಮಾರಾಯ್ರೆ? ನಮ್ಮನ್ನು ನಿಜವಾಗಿ ತಿನ್ನುವುದು ಇದು, ಯಾಕಂದ್ರೆ ನೋಡ್ಲಿಕ್ಕೆ ಕನ್ನಡವೇ, ಅರ್ಥ ಮಾತ್ರ ಬೇರೆ. ಪ್ಲೇಟ್ಲೆಟ್ ಅಂದ್ರೆ ಯಾರಿಗೂ ತಪ್ಪು ಅರ್ಥ ಆಗುದಿಲ್ಲ, ಡೆಂಗಿ ಬಂದ ಮೇಲೆ ನಮ್ಮ ಅಜ್ಜಿಗೂ ಆ ಶಬ್ದ ಬಾಯಿಪಾಠ. ಅದನ್ನು ಬಿಡಿ.

"ನೀಲಿ ಕಲೆ"ಗೆ ನನ್ನದೂ ಒಂದು ತಕರಾರು ಉಂಟು. ಎಷ್ಟೋ ಮಕ್ಕಳಿಗೆ ಹುಟ್ಟುವಾಗಲೇ ಸೊಂಟದ ಕೆಳಗೆ ಬೂದುನೀಲಿ ಮಚ್ಚೆ ಇರ್ತದೆ, ಅದು ಏನೂ ಅಲ್ಲ, ದೊಡ್ಡವರಾಗ್ತಾ ಹೋಗ್ತದೆ. ಬೋರ್ಡು ನೋಡಿ ಅಂಥವರೆಲ್ಲ ಗಾಬರಿಯಲ್ಲಿ ಓಡಿ ಬಂದ್ರೆ? ಬರೀ ಹೆಸರು ಸಾಲದು, ಒಂದು ಕ್ರಿಯೆ ಬೇಕು. ನಮ್ಮ ಮನೆಗಳಲ್ಲಿ ಎಂತ ಹೇಳ್ತಾರೆ? "ನೆತ್ತರು ಕಟ್ಟಿದೆ" ಹೇಳ್ತಾರೆ. ಬೆರಳು ಬಾಗಿಲಿಗೆ ಸಿಕ್ಕಿದ್ರೂ ಅದೇ, ಇಂಜೆಕ್ಷನ್ ಕೊಟ್ಟಲ್ಲಿ ಕಪ್ಪಾದ್ರೂ ಅದೇ. ಏಟಿನ ಮಾತು ಅದರಲ್ಲಿ ಇಲ್ಲ. ಇಷ್ಟು ಹತ್ತಿರ ಇದ್ದದ್ದನ್ನು ಬಿಟ್ಟು ಮೂಗನನ್ನೂ ಸಕ್ಕದವನ್ನೂ ಎಳೆದಾಡಿದ್ದು ಸಾಕು.

ಉತ್ತರ, ಕಾಸರಗೋಡಿನಿಂದ

ಹುಟ್ಟುಮಚ್ಚೆ ಮಾತು ಸರಿ. ಮಚ್ಚೆ ಇದ್ದಲ್ಲೇ ಇರ್ತದೆ, ವಾರದೊಳಗೆ ಬಣ್ಣ ಬದಲಾಗುದಿಲ್ಲ. ನೆತ್ತರು ಕಟ್ಟಿದ್ದಾದ್ರೆ ನೀಲಿ, ಹಸಿರು, ಹಳದಿ ಆಗ್ತಾ ಮಾಸ್ತದೆ. "ನೆತ್ತರು ಕಟ್ಟುವುದು" ನನಗೆ ಒಪ್ಪಿಗೆ. ಆಸ್ಪಿರಿನ್ ವಿಷಯ ಒಂದು ಸಾಲು ಹಾಕಿ, ಜ್ವರ ಅಂತ ಮನೇಲಿದ್ದ ಮಾತ್ರೆ ಕೊಟ್ಟು ನೆತ್ತರು ಇನ್ನೂ ಜಾಸ್ತಿ ಸೋರುವ ಹಾಗೆ ಮಾಡ್ತಾರೆ.

ಕೇಳಿದವರಿಂದ, ಬದಿಯಡ್ಕ

ಎಲ್ಲರಿಗೂ ಥ್ಯಾಂಕ್ಸ್, ಪ್ರಿಂಟಿಂಗಿಗೆ ಹೋಗುವ ಪಠ್ಯ ಹೀಗೆ:

"ಮಗುವಿನ ಮೈಯಲ್ಲಿ ಪೆಟ್ಟಾಗದೆಯೂ ನೆತ್ತರು ಕಟ್ಟಿ ನೀಲಿ ಕಲೆ ಏಳುತ್ತಿದೆಯೇ? ಕಾರಣ ತಿಳಿಯಲು ಡಾಕ್ಟರಿಗೆ ತೋರಿಸಿ. ಬೆನ್ನು, ಹೊಟ್ಟೆ, ಕಿವಿ, ಕುತ್ತಿಗೆಯಲ್ಲಿ ಕಲೆ, ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಚುಕ್ಕಿ, ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಮೂಗಿನ ನೆತ್ತರು, ವಸಡಿನಲ್ಲಿ ನೆತ್ತರು, ಕೈಕಾಲಿನ ಗಂಟಿನಲ್ಲಿ ಬಾವು, ಬಿಡದ ಜ್ವರ, ಮಗು ಬಿಳಿಚಿಕೊಳ್ಳುವುದು ಇದ್ದರೆ ಅದೇ ದಿನ ಕರೆತನ್ನಿ. ಅಂಬೆಗಾಲಿಡದ ಮಗುವಿಗೆ ಒಂದೇ ಕಲೆ ಇದ್ದರೂ ಕರೆತನ್ನಿ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ."

ಟೀಚರಿಗೆ ಫೋನಲ್ಲಿ ಓದಿ ಹೇಳಿದೆ, ಎದುರು ಪ್ರಶ್ನೆ ಬರ್ಲಿಲ್ಲ. ಮೂಗೇಟಿನ ಬಗ್ಗೆ ಮೈಸೂರಿನವರಿಗೆ ಹೇಳುವುದು, ಪದ ಒಳ್ಳೆಯದೇ, ಬಿದ್ದು ಪೆಟ್ಟಾದ ಬಗ್ಗೆ ಬರೆಯುವಾಗ ನಾನೇ ಹಾಕ್ತೇನೆ. ಬೆಂಗಳೂರಿನವರ ನೆತ್ತರು ಬಂತು, ಕಾರಣವೂ ನೀಲಿಯೂ ಹಾಗೇ ಇರ್ತದೆ, ಅದಕ್ಕೆ ಬದಲಿ ಹುಡುಕ್ಲಿಕ್ಕೆ ನನಗೆ ಟೈಮಿಲ್ಲ. ಪ್ಲೇಟ್ಲೆಟ್ ಶಬ್ದ ಬೋರ್ಡಲ್ಲೇ ಇಲ್ಲ, ಅದರ ಜಗಳ ಮುಂದುವರಿಸುವವರು ದಯವಿಟ್ಟು ಬೇರೆ ಸಬ್ಜೆಕ್ಟ್ ಲೈನ್ ಹಾಕಿ ಬರೀರಿ.