ಒಂದನ್ನು ಕೂಡಿಸಲು ಸೊನ್ನೆಯಾಯ್ತು

ಪೃಚ್ಛಕ: ಸಹೃದಯರೆ, ಈ ಸಲದ ಸಮಸ್ಯೆ, ಅಂದರೆ ಮೇಲ್ನೋಟಕ್ಕೆ ವಿರುದ್ಧವೆನಿಸಿದರೂ ಪದ್ಯದ ಕೊನೆಯ ಸಾಲಾಗಿಸಿ ಅರ್ಥ ಹೊಂದಿಸಬೇಕಾದ ಸಾಲು, "ಒಂದನ್ನು ಕೂಡಿಸಲು ಸೊನ್ನೆಯಾಯ್ತು". ಪಂಚಮಾತ್ರೆಯ ಚೌಪದಿ (ಐದೈದು ಮಾತ್ರೆಗಳ ಗಣಗಳಿರುವ ನಾಲ್ಕು ಸಾಲಿನ ಪದ್ಯ), ಆದಿಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ) ಕಡ್ಡಾಯ. ಸಾಲಗಾರನಿಗೆ ಒಂದು ನಾಣ್ಯ ದೊರೆತು ಋಣ ತೀರಿತೆಂಬ ಪರಿಹಾರ ಎಲ್ಲರಿಗೂ ಮೊದಲು ಹೊಳೆಯುವುದರಿಂದ, ಅದನ್ನು ಬದಿಗಿಟ್ಟು, ಋಣಸಂಖ್ಯೆಯ ನೆರವಿಲ್ಲದೆ ಒಂದು ದೊಡ್ಡ ಪೂರ್ಣಸಂಖ್ಯೆಯಿಂದಲೇ ವಿರೋಧವನ್ನು ಪರಿಹರಿಸಬೇಕೆಂದು ಕೋರುತ್ತೇನೆ.

ಪೂರಣಕಾರ:

ಎಂದಿನೆರಡನು ಗುಣಿಸೆ ಮೂವತ್ತೆರಡು ಬಾರಿ
ಬಂದುದೈ ಹತ್ತಂಕಿಗಳ ರಾಶಿಯು
ಮುಂದೆ ಭಾಗಿಸಲಾರುನೂರನಲವತ್ತೊಂದು
ಒಂದನ್ನು ಕೂಡಿಸಲು ಸೊನ್ನೆಯಾಯ್ತು

ಎರಡರ 32ನೆಯ ಘಾತ 4294967296. ಅದನ್ನು 641ರಿಂದ ಭಾಗಿಸಿದರೆ ಉಳಿಯುವ ಶೇಷ 640. ಒಂದನ್ನು ಕೂಡಿಸಿದೊಡನೆ ಶೇಷ ಸೊನ್ನೆಯಾಗುತ್ತದೆ. ಹೀಗೆ ದೊರೆಯುವ 4294967297 ಸಾಮಾನ್ಯ ಸಂಖ್ಯೆಯಲ್ಲ. ಇದೇ ಬಗೆಯ, ಅಂದರೆ ಎರಡರ 1, 2, 4, 8, 16ನೆಯ ಘಾತಗಳಿಗೆ ಒಂದನ್ನು ಕೂಡಿಸಿದರೆ ಬರುವ 3, 5, 17, 257, 65537 ಎಂಬ ಐದೂ ಅವಿಭಾಜ್ಯಗಳಾಗಿರುವುದನ್ನು ಕಂಡ ಫ್ರೆಂಚ್ ಗಣಿತಜ್ಞ ಫರ್ಮಾ, ಮುಂದಿನವೆಲ್ಲವೂ ಹಾಗೆಯೇ ಇರುತ್ತವೆಂದು ನಂಬಿದ್ದನು. ಆದರೆ ಇದು 641 ಮತ್ತು 6700417ರ ಗುಣಲಬ್ಧವೆಂದು 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ತೋರಿಸಿದನು.

ಪೃಚ್ಛಕ: ಪೂರಣ ಹೃದ್ಯವಾಗಿದೆ. ಮೂರನೆಯ ಸಾಲನ್ನು ಓದುವಾಗ ಕಿವಿಗೆ ಕ್ಷಣಕಾಲ "ಭಾಗಿಸಲಾರ" ಎಂದೇ ಕೇಳಿಸಿ, ಮರುಕ್ಷಣ ಅದೇ ಪದ ಒಡೆದು "ಭಾಗಿಸಲು ಆರುನೂರ" ಎಂದಾಗುವುದು ಫರ್ಮಾನ ನಂಬಿಕೆಗೂ ಆಯ್ಲರನ ಉತ್ತರಕ್ಕೂ ಸೊಗಸಾಗಿ ಒಪ್ಪುತ್ತದೆ. ಆದರೆ ಎರಡು ಮಾತು ಹೇಳಬೇಕಾಗಿದೆ. ಸೊನ್ನೆಯಾದದ್ದು ಶೇಷ, ಆ ಪದವೇ ಪದ್ಯದಲ್ಲಿಲ್ಲದ ಕಾರಣ ವಿರೋಧದ ಪರಿಹಾರ ಟಿಪ್ಪಣಿಗೆ ಜಾರಿದೆ. ಅಲ್ಲದೆ, ಭಾಗಾಕಾರ ಮಾಡಿ ತಾಳೆ ನೋಡಿದೆನಾದರೂ 640 ಏಕೆ ಉಳಿಯಿತೆಂಬುದು ತಿಳಿಯಲಿಲ್ಲ.

ಪೂರಣಕಾರ: ಕಾರಣವನ್ನು ಮೊದಲು ಹೇಳುತ್ತೇನೆ, ಏಕೆಂದರೆ ನನ್ನನ್ನು ಈ ಸಂಖ್ಯೆಯತ್ತ ಸೆಳೆದದ್ದೇ ಅದು. 640 ಎಂಬುದು 641ಕ್ಕಿಂತ ಒಂದೇ ಕಡಿಮೆಯಾದ್ದರಿಂದ ಅದರ ವರ್ಗವನ್ನು 641ರಿಂದ ಭಾಗಿಸಿದಾಗ ಶೇಷ 1 ಬರುತ್ತದೆ, ನಾಲ್ಕನೆಯ ಘಾತಕ್ಕೂ ಅದೇ ಶೇಷ. ಈಗ 640 ಎಂದರೆ 5 × 128. ಹಾಗಾಗಿ ಅದರ ನಾಲ್ಕನೆಯ ಘಾತವು 625 ಮತ್ತು ಎರಡರ 28ನೆಯ ಘಾತದ ಗುಣಲಬ್ಧ. 625ಕ್ಕೆ 16 ಸೇರಿದರೆ ಸರಿಯಾಗಿ 641. ಆದ್ದರಿಂದ ಆ ಗುಣಲಬ್ಧಕ್ಕೆ ಎರಡರ 28ನೆಯ ಘಾತದ 16 ಪಟ್ಟನ್ನು, ಅಂದರೆ ಎರಡರ 32ನೆಯ ಘಾತವನ್ನೇ, ಕೂಡಿಸಿದರೆ ಮೊತ್ತ 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಮೊದಲನೆಯದರ ಶೇಷ 1 ಆಗಿರುವಾಗ ಎರಡನೆಯದರ ಶೇಷ 640 ಆಗಲೇಬೇಕು. ಹತ್ತಂಕಿಯ ಭಾಗಾಕಾರವನ್ನು ಮಾಡದೆಯೇ, 641 ಎಂಬುದು 5 × 128 + 1 ಹಾಗೂ 625 + 16 ಎಂಬ ಎರಡು ರೂಪಗಳನ್ನು ತಾಳುವುದರಿಂದಲೇ ಇಷ್ಟೂ ಸಿದ್ಧಿಸುತ್ತದೆ.

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಅಂಕಿಗಳ ಎಣಿಕೆಯಿಂದ ಪದ್ಯಕ್ಕೆ ಯಾವ ಉಪಕಾರವೂ ಆಗಿರಲಿಲ್ಲವಾದ್ದರಿಂದ ಎರಡನೆಯ ಸಾಲನ್ನು ಹೀಗೆ ತಿದ್ದಿದ್ದೇನೆ:

ಎಂದಿನೆರಡನು ಗುಣಿಸೆ ಮೂವತ್ತೆರಡು ಬಾರಿ
ಬಂದುದರ ಶೇಷವನೆ ನೋಡಿರಣ್ಣ
ಮುಂದೆ ಭಾಗಿಸಲಾರುನೂರನಲವತ್ತೊಂದು
ಒಂದನ್ನು ಕೂಡಿಸಲು ಸೊನ್ನೆಯಾಯ್ತು